ಉತ್ತರಕ್ಕೆ 1 ಡಿಗ್ರಿ, ನಡುಗೆರೆಯಿಂದ 12 ಮಿಲಿಮೀಟರ್

ಸಿಂಗಾಪುರದ ಸರ್ಕಲ್ ಲೈನ್ ರೈಲಿನಲ್ಲಿ ‘ಒನ್ ನಾರ್ತ್’ ಎಂಬ ನಿಲ್ದಾಣವಿದೆ. ಆ ಹೆಸರಿನ ಹಿಂದೆ ದೊರೆಯಿಲ್ಲ, ದೇವರಿಲ್ಲ, ಹಳೆಯ ಹಳ್ಳಿಯೂ ಇಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ 1 ಡಿಗ್ರಿ ಎಂಬ ಅಕ್ಷಾಂಶವನ್ನೇ ಎತ್ತಿ ಬೋರ್ಡಿಗೆ ಹಾಕಿದ್ದಾರೆ. ಸುಳ್ಯದ ಕಡೆಯವನಾದ ನಾನು ಬೋರ್ಡಿನ ಎದುರು ಸ್ವಲ್ಪ ಹೊತ್ತು ನಿಂತೇಬಿಟ್ಟೆ. ನಮ್ಮಲ್ಲಿ ಜಾಗಕ್ಕೆ ಹೊಳೆಯ ಹೆಸರಿರುತ್ತದೆ, ಮರದ ಹೆಸರಿರುತ್ತದೆ, ದೈವದ ಹೆಸರಿರುತ್ತದೆ. ಭೂಪಟದ ಅಂಕಿಯೇ ಹೆಸರಾದದ್ದನ್ನು ಕಂಡದ್ದು ಇಲ್ಲೇ ಮೊದಲು.

ಜೊತೆಗೆ ಭಾವ ಇದ್ದರು. ಅಕ್ಕ, ಭಾವ ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಭಾವನಿಗೆ ಪಾರ್ಕಿನ್‌ಸನ್ಸ್ ಕಾಯಿಲೆ. ಅವರ ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ತಂತಿಗಳಿವೆ. ತಂತಿ ಕಿವಿಯ ಹಿಂದಿನಿಂದ ಚರ್ಮದಡಿಯಲ್ಲೇ ಇಳಿದು ಭುಜದೆಲುಬಿನ ಕೆಳಗಿರುವ ಪುಟ್ಟ ಯಂತ್ರವನ್ನು ಸೇರುತ್ತದೆ. ಕತ್ತು ತಿರುಗಿಸಿದಾಗ ಚರ್ಮದಡಿಯಲ್ಲಿ ಬಳ್ಳಿ ಹಬ್ಬಿದ ಹಾಗೆ ಕಾಣುತ್ತದೆ. ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಡಿಬಿಎಸ್. ಊರಿನ ನೆಂಟರ ಬಾಯಲ್ಲಿ ಇದು ‘ತಲೆಗೆ ಪೇಸ್‌ಮೇಕರ್ ಹಾಕಿಸಿದ್ದು’.

ಮರೀನಾ ಬೇ, ಸೆಂಟೋಸಾ ಎಲ್ಲ ಬಿಟ್ಟು ನಾವು ಒನ್ ನಾರ್ತಿಗೆ ಬಂದದ್ದು ಒಂದು ವಿಳಾಸ ಹಿಡಿದು: 30, ಬಯೋಪೋಲಿಸ್ ಸ್ಟ್ರೀಟ್, ಮ್ಯಾಟ್ರಿಕ್ಸ್ ಕಟ್ಟಡ, 7ನೇ ಮಹಡಿ. ಭಾವನ ಆಪರೇಷನ್ ಆದ ಮೇಲೆ, ತಲೆಯೊಳಗಿನ ಅಷ್ಟು ಸಣ್ಣ ಜಾಗವನ್ನು ಹುಡುಕುವುದಾದರೂ ಹೇಗೆ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತ್ತು. ಓದುತ್ತ ಹೋದಂತೆ ಮಿದುಳಿನ ನಕ್ಷೆಗಳ ಬಗೆಗಿನ ಪ್ರಬಂಧಗಳ ಕೆಳಗೆ ಮತ್ತೆ ಮತ್ತೆ ಇದೇ ವಿಳಾಸ ಕಾಣುತ್ತಿತ್ತು. ಅಕ್ಕನ ಮನೆಯಿಂದ ರೈಲಿನಲ್ಲಿ ಹೋಗಬಹುದಾದಷ್ಟು ಹತ್ತಿರ. ಹೋಗದೆ ಇರುವುದು ಹೇಗೆ?

2003ರಲ್ಲಿ ತೆರೆದ ಬಯೋಪೋಲಿಸ್ ಗಾಜಿನ ಕಟ್ಟಡಗಳ ಊರು. ಜೀನೋಮ್, ಪ್ರೋಟಿಯೋಸ್, ನ್ಯಾನೋಸ್, ಹೀಲಿಯೋಸ್ ಎಂದು ಕಟ್ಟಡಗಳಿಗೆಲ್ಲ ವಿಜ್ಞಾನದ ಹೆಸರು. ಒಂದರಿಂದ ಇನ್ನೊಂದಕ್ಕೆ ಹೋಗಲು ಎತ್ತರದಲ್ಲಿ ಸೇತುವೆಗಳು. ಮ್ಯಾಟ್ರಿಕ್ಸ್ ಕಟ್ಟಡದ ಕೆಳಗೆ ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡ ಯುವಕರು ಕಾಫಿ ಕುಡಿಯುತ್ತಿದ್ದರು. ನೋಡಲು ಅಲ್ಲಿ ಏನೂ ಇಲ್ಲ. ಆದರೂ ನಾವಿಬ್ಬರು ಕತ್ತೆತ್ತಿ ಏಳನೇ ಮಹಡಿಯ ಕಿಟಕಿಗಳನ್ನು ಎಣಿಸಿದೆವು. ಧರ್ಮಸ್ಥಳದಲ್ಲಿ ಬಾಹುಬಲಿಯನ್ನು ನೋಡುವಾಗ ನೋಯುವ ಹಾಗೆ ಕತ್ತು ನೋಯುವಷ್ಟು ಹೊತ್ತು ನೋಡಿದೆವು.

ಅಲ್ಲಿ ಆದ ಕೆಲಸವನ್ನು ಹೇಳಬೇಕಾದರೆ ಮೊದಲು ಗುರಿಯನ್ನೇ ಹೇಳಬೇಕು.

ನಡುಮಿದುಳಿನಲ್ಲಿ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಜಾಗವಿದೆ. ಅಲ್ಲಿಯ ಜೀವಕೋಶಗಳು ಡೋಪಮಿನ್ ತಯಾರಿಸುತ್ತವೆ. ಪಾರ್ಕಿನ್‌ಸನ್ಸ್‌ನಲ್ಲಿ ಇವು ಒಂದೊಂದಾಗಿ ಸಾಯುತ್ತವೆ. ಡೋಪಮಿನ್ ತಗ್ಗಿದಂತೆ, ಆ ಕಪ್ಪು ಜಾಗದ ಮೇಲುಗಡೆಯೇ ಇರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟು ಅತಿಯಾಗಿ ಚುರುಕಾಗುತ್ತದೆ. ಬೆರಳು ನಡುಗುವುದು, ಮೈ ಬಿಗಿಯುವುದು, ಹೆಜ್ಜೆ ಕಿತ್ತಿಡಲಾಗದೆ ನೆಲಕ್ಕೆ ಅಂಟಿದಂತಾಗುವುದು, ಇವಕ್ಕೆಲ್ಲ ಆ ಗದ್ದಲದ ಪಾಲಿದೆ. ಈ ಗಂಟನ್ನು ಫ್ರಾನ್ಸಿನ ಜೂಲ್ಸ್ ಲೂಯಿಸ್ 1865ರಲ್ಲೇ ವರ್ಣಿಸಿದ್ದ. ಅದರ ಅತಿ ಉದ್ದದ ಬದಿಯೂ ಒಂದು ಸೆಂಟಿಮೀಟರ್ ಬರುವುದು ಕಷ್ಟ. ನೆನೆಹಾಕಿದ ಹೆಸರುಕಾಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೇಕಾದದ್ದು ಅದರ ಎಲ್ಲ ಭಾಗವೂ ಅಲ್ಲ. ಚಲನೆಗೆ ಸಂಬಂಧಿಸಿದ ಮೇಲಿನ, ಹೊರಬದಿಯ ತುಂಡು ಮಾತ್ರ. ಒಳಬದಿಗೆ ಸರಿದರೆ ಮನಸ್ಸಿಗೂ ಭಾವನೆಗೂ ಸೇರಿದ ಭಾಗ.

ತಲೆಬುರುಡೆಯ ಹೊರಗಿನಿಂದ ಚಲನೆಯ ಆ ತುಂಡನ್ನು ಮುಟ್ಟಬೇಕು. ಅದಕ್ಕೆ ವೈದ್ಯರು ಮಿದುಳಿಗೂ ಅಕ್ಷಾಂಶ ರೇಖಾಂಶ ಹಾಕಿದ್ದಾರೆ. ಮಿದುಳಿನ ಎರಡು ಅರ್ಧಗಳನ್ನು ಕೂಡಿಸುವ ಎರಡು ಸಣ್ಣ ನರದ ಕಟ್ಟುಗಳಿವೆ, ಮುಂದೊಂದು, ಹಿಂದೊಂದು. ಸುಮಾರು 24 ಮಿಲಿಮೀಟರ್ ಅಂತರ. ಇವೆರಡನ್ನು ಸೇರಿಸಿ ಎಳೆದ ಗೆರೆಯೇ ಅಲ್ಲಿಯ ಭೂಮಧ್ಯರೇಖೆ. ಗೆರೆಯ ನಟ್ಟನಡುವಿನಿಂದ ಪಕ್ಕಕ್ಕೆ ಸುಮಾರು 12 ಮಿಲಿಮೀಟರ್, ಹಿಂದಕ್ಕೆ 3, ಕೆಳಕ್ಕೆ 4. ಎಲ್ಲರ ತಲೆಯಲ್ಲೂ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ಆ ‘ಹೆಚ್ಚುಕಡಿಮೆ’ಯೇ ಕಷ್ಟ. ತಂತಿಯ ದಪ್ಪ 1.27 ಮಿಲಿಮೀಟರ್. ಎರಡು ಮಿಲಿಮೀಟರ್ ತಪ್ಪಿದರೆ ನಡುಕ ನಿಲ್ಲುವ ಬದಲು ಬಾಯಿ ಸೊಟ್ಟಗಾದೀತು.

ಮನುಷ್ಯನ ತಲೆಗೆ ಚೌಕಟ್ಟು ಕಟ್ಟಿ, ಅಂಕಿಗಳ ಲೆಕ್ಕದಲ್ಲಿ ಒಳಗಿನ ಜಾಗ ಮುಟ್ಟುವ ವಿದ್ಯೆ 1947ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಪೀಗೆಲ್ ಮತ್ತು ವೈಸಿಸ್ ಎಂಬಿಬ್ಬರಿಂದ ಶುರುವಾಯಿತು. 1949ರಲ್ಲಿ ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಮಾಡಿದ ಚೌಕಟ್ಟಿನ ಸುಧಾರಿತ ರೂಪ ಈಗಲೂ ಬಳಕೆಯಲ್ಲಿದೆ. ಬೆಂಗಳೂರೂ ಹಿಂದೆ ಉಳಿದಿರಲಿಲ್ಲ. ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮ ಅವರು ತಲೆಬುರುಡೆಯ ತಳದಲ್ಲಿ ಪ್ರಕೃತಿಯೇ ಇಟ್ಟಿರುವ ರಂಧ್ರದ ಮೂಲಕ ಸೂಜಿಯನ್ನು ಒಳಕ್ಕೆ ನಡೆಸಿ ಕಂಪವಾತದವರಿಗೆ ಚಿಕಿತ್ಸೆ ಮಾಡುತ್ತಿದ್ದರು. ಆ ಕಾಲದಲ್ಲಿ ಗುರಿ ಸಿಕ್ಕಿದ ಮೇಲೆ ಅದನ್ನು ಸುಡುವುದೋ ಕೆಡಿಸುವುದೋ ಒಂದೇ ದಾರಿ. ತಪ್ಪಾದರೆ ಹಿಂದಿರುಗುವ ಹಾಗಿಲ್ಲ.

ಹಿಂದಿರುಗುವ ದಾರಿ ತೆರೆದದ್ದು 1987ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಶಸ್ತ್ರವೈದ್ಯ ಅಲಿಂ ಲೂಯಿ ಬೆನಬಿದ್ ನಡುಕದ ರೋಗಿಯೊಬ್ಬನ ಮಿದುಳಿನ ಆಳದ ಥಲಾಮಸ್ ಎಂಬ ಭಾಗದಲ್ಲಿ, ಸುಡುವ ಮೊದಲು ಜಾಗ ಸರಿಯೇ ಎಂದು ನೋಡಲು ಸಣ್ಣ ವಿದ್ಯುತ್ ಹರಿಸುತ್ತಿದ್ದರು. ಸೆಕೆಂಡಿಗೆ ನೂರರಷ್ಟು ಮಿಡಿತ ಕೊಟ್ಟಾಗ ನಡುಕ ನಿಂತಿತು. ನಿಲ್ಲಿಸಿದರೆ ನಡುಕ ಮರಳಿತು. ಸುಡಬೇಕಾಗಿಯೇ ಇರಲಿಲ್ಲ! 1990ರಲ್ಲಿ ಅಮೆರಿಕದ ಮಾಹ್ಲನ್ ಡಿಲಾಂಗ್ ಅವರ ತಂಡ ಪಾರ್ಕಿನ್‌ಸನ್ಸ್ ತರಹದ ಲಕ್ಷಣ ಬರಿಸಿದ ಮಂಗಗಳಲ್ಲಿ ಸಬ್‌ಥಲಾಮಿಕ್ ಗಂಟನ್ನು ಸುಮ್ಮನಾಗಿಸಿ, ಚಲನೆ ಸುಧಾರಿಸುವುದನ್ನು ತೋರಿಸಿತು. ಅಲ್ಲಿಂದ ಬೆನಬಿದ್ ಅವರ ತಂತಿ 1993ರಲ್ಲಿ ಈ ಹೆಸರುಕಾಳಿಗೆ ಇಳಿಯಿತು. 2014ರ ಲಾಸ್ಕರ್ ಪ್ರಶಸ್ತಿ ಇವರಿಬ್ಬರಿಗೂ ಸೇರಿ ಬಂತು.

ಇನ್ನು ಸಿಂಗಾಪುರದ ಪಾಲು. ಗುರಿ ಹುಡುಕಲು ಶಸ್ತ್ರವೈದ್ಯರು ದಶಕಗಳ ಕಾಲ ನೆಚ್ಚಿದ್ದು ಜರ್ಮನಿಯ ಶಾಲ್ಟೆನ್‌ಬ್ರಾಂಡ್ 1959ರಲ್ಲಿ ಬೇಲಿ ಜೊತೆಗೂ 1977ರಲ್ಲಿ ವಾರೆನ್ ಜೊತೆಗೂ ಹೊರತಂದ ಮುದ್ರಿತ ನಕ್ಷೆಗಳನ್ನು. ಸತ್ತವರ ಮಿದುಳನ್ನು ಬಾಳೆಕಾಯಿ ಚಿಪ್ಸಿಗಿಂತ ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಪ್ರತಿ ಗಂಟಿನ ಅಂಚನ್ನೂ ಗುರುತಿಸಿದ ಅಪೂರ್ವ ಕೆಲಸ ಅದು. ಆದರೆ ನೆತ್ತಿಯಿಂದ ಕೊಯ್ದ ಸರಣಿ ಒಂದು ಮಿದುಳಿನದು, ಪಕ್ಕದಿಂದ ಕೊಯ್ದದ್ದು ಇನ್ನೊಂದರದು. ಹಾಗಾಗಿ ಒಂದೇ ಗಂಟು ಎರಡು ಪುಟಗಳಲ್ಲಿ ಎರಡು ಕಡೆ ಕಾಣುತ್ತದೆ. ಪೋಲೆಂಡಿನಿಂದ 1990ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ ವಿಯೆಸ್ವಾವ್ ನೊವಿನ್ಸ್ಕಿ ಈ ನಕ್ಷೆಗಳನ್ನು ಕಂಪ್ಯೂಟರಿಗೆ ತಂದರು. ರೋಗಿಯ ಸ್ಕ್ಯಾನಿನ ಮೇಲೆ ನಕ್ಷೆಯನ್ನು ಹೊದಿಸಿ, ಅವನ ತಲೆಯ ಅಳತೆಗೆ ಎಳೆದು ಕೂರಿಸುವ ಹಾಗೆ ಮಾಡಿದರು. ಕೆಂಟ್ ರಿಜ್ ಗುಡ್ಡದ ಕಡೆ ಶುರುವಾದ ಆ ಕೆಲಸ ಮುಂದೆ ನಾವು ಕತ್ತೆತ್ತಿ ನೋಡಿದ ಈ ಮಹಡಿಗೆ ಬಂತು. ಆಪರೇಷನ್ನಿಗೆ ಬೇಕಾದ ಕಂಪ್ಯೂಟರ್ ತಯಾರಿಸುವ ಕಂಪನಿಗಳು ಈ ನಕ್ಷೆಗಳನ್ನು ತಮ್ಮ ಯಂತ್ರಗಳಲ್ಲಿ ಅಳವಡಿಸಿಕೊಂಡವು.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ನೊವಿನ್ಸ್ಕಿ ಬೆನಬಿದ್ ಜೊತೆ ಸೇರಿ ಮಾಡಿದ ಇನ್ನೊಂದು ನಕ್ಷೆ. ಗ್ರೆನೋಬಲ್‌ನಲ್ಲಿ ಆಪರೇಷನ್ ಆದ ರೋಗಿಗಳಲ್ಲಿ ತಂತಿಯ ಯಾವ ತುದಿ ಎಲ್ಲಿದ್ದಾಗ ಒಳ್ಳೆಯ ಗುಣ ಕಂಡಿತು ಎಂಬ ಅಂಕಿಗಳು ಸಿಂಗಾಪುರಕ್ಕೆ ಬಂದವು. ಎಲ್ಲರ ತಲೆಯನ್ನೂ ಒಂದೇ ಅಳತೆಗೆ ತಂದು, ಒಂದರ ಮೇಲೊಂದು ಇಟ್ಟು, ಪ್ರತಿ ಕಣದಷ್ಟು ಜಾಗದಲ್ಲಿ ಎಷ್ಟು ಜನರಿಗೆ ಗುಣವಾಯಿತೆಂದು ಲೆಕ್ಕ ಹಾಕಿದರು. 2003ರಲ್ಲಿ ಅದರ ಲೆಕ್ಕದ ವಿಧಾನ ಪ್ರಕಟವಾಯಿತು. ನಮ್ಮ ಕಾಡಿನಲ್ಲಿ ಕಾಲುದಾರಿ ಯಾರೋ ಎಂಜಿನಿಯರ್ ಹಾಕಿದ್ದಲ್ಲವಲ್ಲ. ಹೆಚ್ಚು ಜನ ನಡೆದಲ್ಲಿ ಹುಲ್ಲು ಸವೆದು ದಾರಿಯಾಗುತ್ತದೆ. ಈ ನಕ್ಷೆಯೂ ಹಾಗೆ. ಸತ್ತವರ ಮಿದುಳಿನ ಚಿತ್ರಕ್ಕೆ ಬದುಕಿರುವವರ ಹೆಜ್ಜೆಗುರುತು ಸೇರಿತು. ಇದೇ ನೊವಿನ್ಸ್ಕಿ ಮುಂದೆ 2011ರಲ್ಲಿ ಇಡೀ ಮಿದುಳನ್ನು ಕಂಪ್ಯೂಟರಿನಲ್ಲಿ 1492 ತುಂಡುಗಳಾಗಿ ಬಿಡಿಸಿ ತೋರಿಸಿದರು, 2013ರಲ್ಲಿ 1969 ತುಂಡುಗಳಾಗಿ. ಒಂದು ಕೊಲಂಬಸ್ ಹಡಗು ಹೊರಟ ವರ್ಷ, ಇನ್ನೊಂದು ಚಂದ್ರನ ಮೇಲೆ ಕಾಲಿಟ್ಟ ವರ್ಷ. ಮಿದುಳನ್ನು ಅವರು ಯಾವ ಸಾಲಿಗೆ ಸೇರಿಸಿದ್ದರು ಎಂಬುದು ಆ ಅಂಕಿಗಳಿಂದಲೇ ತಿಳಿಯುತ್ತದೆ.

“ನಕ್ಷೆ ಇದ್ದರೆ ಮತ್ತೆ ನಿಮ್ಮನ್ನು ಎಚ್ಚರದಲ್ಲಿಟ್ಟದ್ದು ಯಾಕೆ ಭಾವ?” ಎಂದು ಕೇಳಿದೆ.

“ನೀನು ನಮ್ಮ ಮನೆಗೆ ಮೊದಲ ಸಲ ಬಂದದ್ದು ಹೇಗೆ ಮಾರಾಯ? ಬಸ್ಸು ಇಳಿಯುವಲ್ಲಿವರೆಗೆ ವಿಳಾಸ ಸಾಕು. ಆಮೇಲೆ ತೋಟದ ಒಳಗೆ ಕೇಳಿಕೊಂಡೇ ಬಂದದ್ದಲ್ಲವಾ?”

ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಅವರು ಹೇಳಿದ್ದನ್ನು ನಾನು ಮರೆಯಲಾರೆ. ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿದ್ದರು. ಮೈಯೆಲ್ಲ ಕೊರಡು, ಬಲಗೈ ಮಾತ್ರ ತನ್ನಷ್ಟಕ್ಕೆ ಮೊರ ಕೇರುವ ಹಾಗೆ ಆಡುತ್ತಿತ್ತು. ಬೆಳಿಗ್ಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಲೆಗೆ ಚೌಕಟ್ಟು ಬಿಗಿದರು. ಸ್ಕ್ಯಾನ್ ಆಯಿತು. ಬುರುಡೆಗೆ ರಂಧ್ರ ಕೊರೆಯುವಾಗ ನೋವಿಲ್ಲ, ಸದ್ದು ಮಾತ್ರ. ಮಿದುಳಿಗೆ ನೋವಿನ ಅರಿವೇ ಇಲ್ಲವಂತೆ. ಇಡೀ ಮೈಯ ನೋವನ್ನು ತಿಳಿಯುವ ಅಂಗಕ್ಕೆ ತನ್ನ ನೋವು ತಿಳಿಯದು. ಕೂದಲಿಗಿಂತ ಸಣ್ಣ ತುದಿಯ ಸೂಜಿಯನ್ನು ಮಿಲಿಮೀಟರಿನ ಲೆಕ್ಕದಲ್ಲಿ ಇಳಿಸುತ್ತ ಹೋದರು. ಆ ತುದಿ ಹತ್ತಿರದ ನರಕೋಶಗಳ ಮಿಡಿತವನ್ನು ಹಿಡಿದು ಸ್ಪೀಕರಿಗೆ ಕೊಡುತ್ತದೆ.

“ಮೊದಲು ಅಲ್ಲೊಂದು ಇಲ್ಲೊಂದು ಹನಿ ಬಿದ್ದ ಹಾಗೆ. ಮತ್ತೆ ಸ್ವಲ್ಪ ದೂರ ಏನೂ ಇಲ್ಲ, ಎಲ್ಲ ಚಪ್ಪೆ. ನಾನು ಹೆದರಿದೆ, ದಾರಿ ತಪ್ಪಿತೋ ಏನೋ ಅಂತ. ಆಮೇಲೆ ಹೊಡೆಯಿತು ನೋಡು, ಶೀಟಿನ ಮಾಡಿಗೆ ಆಟಿಯ ಮಳೆ ಬಿದ್ದ ಹಾಗೆ! ಡಾಕ್ಟರ್ ಮುಖ ನನಗೆ ಕಾಣುತ್ತಿರಲಿಲ್ಲ. ಆದರೆ ರೂಮಿನಲ್ಲಿ ಎಲ್ಲರೂ ಒಮ್ಮೆ ಉಸಿರು ಬಿಟ್ಟದ್ದು ಕೇಳಿಸಿತು.”

ಆ ಮಳೆಯೇ ಸಬ್‌ಥಲಾಮಿಕ್ ಗಂಟು. ಅದರ ಕೆಳಗೆ ಇನ್ನೂ ಇಳಿದರೆ ಸದ್ದು ಬದಲಾಗಿ ಹೊಲಿಗೆ ಮೆಷಿನಿನ ಹಾಗೆ ಒಂದೇ ಸಮ ಓಡುತ್ತದೆ. ಅದು ಸಬ್‌ಸ್ಟ್ಯಾನ್ಷಿಯಾ ನೈಗ್ರಾ, ಗುರಿ ದಾಟಿತೆಂಬ ಸೂಚನೆ. ಹೀಗೆ ಸದ್ದಿನಿಂದಲೇ ಗಂಟಿನ ಮೇಲಂಚು, ಕೆಳಂಚು ಗೊತ್ತಾಗುತ್ತದೆ. ತಂತಿ ಇಳಿಸಿ ವಿದ್ಯುತ್ ಹರಿಸಿ ಮತ್ತೆ ಕೇಳುತ್ತಾರೆ: ಕೈ ಬಿಚ್ಚಿ, ಮುಚ್ಚಿ, ಹೆಸರು ಹೇಳಿ, ತಿಂಗಳುಗಳನ್ನು ಹೇಳಿ. ಹೊರಬದಿಗೆ ಹೆಚ್ಚು ಸರಿದಿದ್ದರೆ ಮುಖ ಎಳೆಯುತ್ತದೆ, ಮಾತು ತೊದಲುತ್ತದೆ. ಒಳಕ್ಕೆ ಸರಿದಿದ್ದರೆ ಕಣ್ಣಿನ ನೋಟ ಸರಿಯುತ್ತದೆ. ಹಿಂದಕ್ಕಾದರೆ ಮೈ ಜುಮ್ಮೆನ್ನುತ್ತದೆ. ಭಾವನಿಗೆ ಒಂದು ಹಂತದಲ್ಲಿ ಕೈಗೆ ಇರುವೆ ಹತ್ತಿದ ಹಾಗಾಯಿತಂತೆ. ಹೇಳಿದರು. ಸ್ವಲ್ಪ ಬದಲಿಸಿದರು. ಮತ್ತೊಂದು ಕ್ಷಣಕ್ಕೆ ಕೈ ಸುಮ್ಮನಾಯಿತು, ಅಳುವ ಮಗುವನ್ನು ಅಮ್ಮ ಎತ್ತಿಕೊಂಡ ಹಾಗೆ.

“ಎಂಟು ವರ್ಷ ಆಗಿತ್ತು ಆ ಕೈ ಸುಮ್ಮನಿದ್ದು,” ಎಂದರು ಭಾವ. ಹೇಳುವಾಗ ಆ ಕೈ ಅವರ ತೊಡೆಯ ಮೇಲೆ ಸುಮ್ಮನೇ ಇತ್ತು.

ಈಚೆಗೆ ಎಂಆರ್‌ಐ ಬಲವಾಗಿದೆ. ಕಬ್ಬಿಣದ ಅಂಶ ಹೆಚ್ಚಿರುವ ಆ ಗಂಟು 3 ಟೆಸ್ಲಾ ಯಂತ್ರದ ಚಿತ್ರದಲ್ಲಿ ಕಪ್ಪಗೆ ನೇರವಾಗಿ ಕಾಣುವುದರಿಂದ, ಪೂರ್ತಿ ಅರಿವಳಿಕೆಯಲ್ಲೇ ತಂತಿ ಹಾಕುವವರೂ ಇದ್ದಾರೆ. ಆದರೂ ಬುರುಡೆ ತೆರೆದು ಒಳಗಿನ ನೀರು ಸ್ವಲ್ಪ ಸೋರಿದರೆ ಮಿದುಳು ಒಂದೆರಡು ಮಿಲಿಮೀಟರ್ ಕುಸಿಯಬಹುದು. ನಿನ್ನೆ ತೆಗೆದ ಚಿತ್ರ ಇವತ್ತಿಗೆ ಹಳತು. ಕೇಳಿಯೇ ಹೋಗುವ ವೈದ್ಯರ ಪಕ್ಷ ನನ್ನದು.

ಒನ್ ನಾರ್ತಿನಿಂದ ಅದೇ ಸರ್ಕಲ್ ಲೈನಿನಲ್ಲಿ ನಾಲ್ಕನೆಯ ನಿಲ್ದಾಣ ಬೊಟಾನಿಕ್ ಗಾರ್ಡನ್ಸ್. ಭಾವ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದು ಆರ್ಕಿಡ್ ಅಲ್ಲ, ರಬ್ಬರ್ ಮರ. ನಮಗೆ ಹೊಸದೇನು, ಮನೆಯ ಹಿಂದಿನ ಗುಡ್ಡವೆಲ್ಲ ಅದೇ ಎಂದುಕೊಂಡೆ. ಆದರೆ ನಮ್ಮ ಗುಡ್ಡದ ಮರಕ್ಕೆ ಕತ್ತಿ ಹಾಕುವ ವಿದ್ಯೆ ಹುಟ್ಟಿದ್ದು ಈ ತೋಟದಲ್ಲಿ! 1877ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ 22 ಸಸಿಗಳು ಇಲ್ಲಿಗೆ ಬಂದವು. 1888ರಲ್ಲಿ ಬಂದ ಹೆನ್ರಿ ರಿಡ್ಲಿ ಮರವನ್ನು ಕೊಲ್ಲದೆ ಹಾಲು ತೆಗೆಯುವ ಬಗೆಯನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡ. ಹಾಲಿನ ನಾಳಗಳು ಹೆಚ್ಚಾಗಿರುವುದು ತೊಗಟೆಯ ಒಳಪದರದಲ್ಲಿ. ಅದರಿಂದ ಇನ್ನೊಂದು ಮಿಲಿಮೀಟರ್ ಒಳಗೆ ಮರ ಬೆಳೆಯುವ ಪದರವಿದೆ. ಕತ್ತಿ ಮೇಲಾದರೆ ಗೆರಟೆಗೆ ಹಾಲಿಲ್ಲ; ಆಳವಾದರೆ ಮರಕ್ಕೆ ಗಾಯ, ಮುಂದೆ ತೊಗಟೆ ಗಂಟುಗಂಟು. ನಮ್ಮ ತೋಟದಲ್ಲಿ ಬೆಳಗಿನ ಜಾವ ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗ್ ಮಾಡುವವರು ಅಳತೆಪಟ್ಟಿ ಹಿಡಿದದ್ದನ್ನು ನಾನು ಕಂಡಿಲ್ಲ. ಕತ್ತಿಯ ಸದ್ದಿನಲ್ಲೇ, ಕೈಗೆ ಸಿಗುವ ಬಿಗಿಯಲ್ಲೇ ಆಳ ಗೊತ್ತು ಅವರಿಗೆ. ಭಾವ ಮರದ ಮೇಲೆ ಕೈಯಾಡಿಸಿ, “ನನ್ನ ತಲೆಗೂ ಇದೇ ಲೆಕ್ಕ, ಒಂದು ಮಿಲಿಮೀಟರ್,” ಎಂದರು. ಆಪರೇಷನ್ ಆದ ಮೇಲೆ ಇಲ್ಲಿಗೆ ಅವರು ಆಗಾಗ ಒಬ್ಬರೇ ಬಂದು ಕೂರುತ್ತಾರಂತೆ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಡಿಬಿಎಸ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ನಡುಕ, ಬಿಗಿತ, ಮಾತ್ರೆಯ ಏರಿಳಿತಗಳನ್ನು ತಗ್ಗಿಸುತ್ತದೆ. ಭಾವನ ದನಿ ಈಗಲೂ ಸಣ್ಣದು, ತಿರುಗುವಾಗ ಹೆಜ್ಜೆ ಜೋಲಿ ಹೊಡೆಯುತ್ತದೆ. ಆಪರೇಷನ್ನಿನಲ್ಲಿ ರಕ್ತಸ್ರಾವದ ಅಪಾಯ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಮರೆವು ಹೆಚ್ಚಿರುವವರಿಗೆ, ಮಾತ್ರೆಗೆ ಜಗ್ಗದ ಬೇರೆ ಬಗೆಯ ಕಾಯಿಲೆಯವರಿಗೆ ಇದು ಹೊಂದುವುದಿಲ್ಲ. ಇಷ್ಟಾದರೂ ಅಕ್ಕ ಹೇಳುವುದು ಒಂದೇ ಮಾತು: “ಅಂಗಿಯ ಗುಂಡಿ ಈಗ ಅವರೇ ಹಾಕಿಕೊಳ್ಳುತ್ತಾರೆ.”

ಮರುದಿನ ನೊವೀನಾಕ್ಕೆ ಹೋದೆವು. ಮಲಾಕ್ಕಾದಿಂದ ಬಂದು ತರಕಾರಿ, ಕೋಳಿ ಮಾರಿ ಮೇಲೆ ಬಂದ ತಾನ್ ಟಾಕ್ ಸೆಂಗ್ ಎಂಬವನು ಬಡವರಿಗಾಗಿ ಕೊಟ್ಟ ಹಣದಿಂದ 1844ರಲ್ಲಿ ಶುರುವಾದ ಆಸ್ಪತ್ರೆ ಈಗ ಇಲ್ಲಿದೆ. ಅದರ ಪಕ್ಕದಲ್ಲೇ 1999ರಲ್ಲಿ ಸ್ಥಾಪನೆಯಾದ ನ್ಯಾಷನಲ್ ನ್ಯೂರೋಸೈನ್ಸ್ ಇನ್‌ಸ್ಟಿಟ್ಯೂಟ್. ಹೊರಗಿನ ಬೆಂಚಿನಲ್ಲಿ ಚೀನಿ ಅಜ್ಜಿಯೊಬ್ಬರ ಕೈ ಮಡಿಲಲ್ಲಿ ನಡುಗುತ್ತಿತ್ತು. ಭಾವ ಹೋಗಿ ಪಕ್ಕದಲ್ಲಿ ಕೂತರು. ಒಬ್ಬರ ಭಾಷೆ ಒಬ್ಬರಿಗೆ ಪೂರ್ತಿ ಬಾರದು. ಭಾವ ತಮ್ಮ ಕೈ ಚಾಚಿ ತೋರಿಸಿದರು, ಕಿವಿಯ ಹಿಂದಿನ ತಂತಿಯನ್ನು ಮುಟ್ಟಿ ತೋರಿಸಿದರು. ಅಜ್ಜಿ ಬೆರಳು ತಂದು ತಾವೂ ಮೆಲ್ಲಗೆ ಮುಟ್ಟಿ ನೋಡಿದರು.

ಅದೇ ನೊವೀನಾದಲ್ಲಿ ಲೀ ಕಾಂಗ್ ಚಿಯಾನ್ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಬ್ರೇನ್ ಬ್ಯಾಂಕ್ ಸಿಂಗಾಪುರ ಇದೆ. ಸತ್ತ ಮೇಲೆ ಮಿದುಳನ್ನು ಸಂಶೋಧನೆಗೆ ಪಡೆಯುವ ಸಂಸ್ಥೆ. ಭಾವ ಅದರ ಕಾಗದ ತರಿಸಿ ಇಟ್ಟುಕೊಂಡಿದ್ದಾರೆ. ಅಕ್ಕ ಇನ್ನೂ ಒಪ್ಪಿಲ್ಲ. “ಯಾರೋ ಕೊಟ್ಟದ್ದರಿಂದಲ್ಲವಾ ನನ್ನ ದಾರಿ ಸಿಕ್ಕಿದ್ದು,” ಎಂದು ಅವರು ಊಟದ ನಡುವೆ ಒಮ್ಮೆ ಅಂದರು. ಅಕ್ಕ ಏನೂ ಹೇಳದೆ ಅವರ ಬಟ್ಟಲಿಗೆ ಇನ್ನಷ್ಟು ಸಾರು ಬಡಿಸಿದಳು.

ನಮ್ಮಲ್ಲಿಯೂ ಅಂಥ ಬ್ಯಾಂಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಶುರುವಾದ ಮಿದುಳು ಬ್ಯಾಂಕು ಮನೆಯವರ ಒಪ್ಪಿಗೆಯಿಂದ ಮಿದುಳು ದಾನ ಪಡೆಯುತ್ತದೆ. ಅಲ್ಲಿಯ ಮಿದುಳು ಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು, ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಬಹುದು. ಬೆಂಗಳೂರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ, ಮನೆಯವರನ್ನೂ ಕರೆದುಕೊಂಡು ಹೋಗಿ.